ಮೇಸ್ತ್ರಿ ಬೇಡ ಅಂದರೆ ದಾರಿ ಬಂದ್

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಮೊಣಕಾಲುದ್ದದ ಹಿಮದಲ್ಲಿ ಮುಂದೆ ನಾಯಿ, ಅದರ ಹಿಂದೆ ಕೋಲಕ್ಕ, ಅವರ ಹಿಂದೆ ಏದುಸಿರು ಬಿಡುತ್ತ, ಅವರ ಕೆಲಸ ನೋಡಲೆಂದು ಬಂದ ನಾನು. ನಾಯಿಯ ಎದೆಪಟ್ಟಿಗೆ ಕಟ್ಟಿದ ಹಗ್ಗದ ಇನ್ನೊಂದು ತುದಿ ಕೋಲಕ್ಕನ ಸೊಂಟದಲ್ಲಿದೆ. ಬೆನ್ನ ಮೇಲೆ ಕೆಂಪು ಬಟ್ಟೆ ಕಟ್ಟಿದ ಕೋಲುಗಳ ಹೊರೆ. ರಾತ್ರಿ ಬಿದ್ದ ಹಿಮ ಬೆಟ್ಟದ ಕಾಲುದಾರಿಯನ್ನು ಗುರುತೇ ಸಿಗದಂತೆ ಮುಚ್ಚಿಹಾಕಿದೆ. ಒಂದೊಂದೇ ಕೋಲು ನೆಡುತ್ತ ಅವರು ಅದನ್ನು ಮತ್ತೆ ಹುಡುಕುತ್ತಿದ್ದಾರೆ.

ಹೆದರಿಕೆ ಮರೆಯಲೆಂದು ನಾನು ಏನೋ ಕೇಳಹೋದರೆ ಅವರು ತಿರುಗದೆಯೇ ಕೈ ಎತ್ತುತ್ತಾರೆ. "ಸ್ವಲ್ಪ ಸುಮ್ನಿರಿ ಸಾರ್. ಅವನಿಗೆ ಕೇಳ್ಸಲ್ಲ."

ನಾಯಿಗೆ ಕೇಳಿಸಬೇಕಾದದ್ದು ಹಿಮದಡಿ ಹರಿಯುವ ನೀರು. ದಾರಿ ಒಂದು ಕೊರಕಲನ್ನು ದಾಟುತ್ತದೆ. ಚಳಿಗಾಲದಲ್ಲಿ ಅದರ ಮೇಲೆ ಹಿಮ ಸೇತುವೆಯಂತೆ ಕೂರುತ್ತದೆ. ಮೇಲಿನ ಪದರ ಕಲ್ಲಿನಷ್ಟು ಗಟ್ಟಿ, ಕೋಲು ಅಲ್ಲಿಗೇ ತಾಗಿ ನಿಲ್ಲುತ್ತದೆ. ಒಳಗೆ ಪೊಳ್ಳಿದ್ದರೆ ಮನುಷ್ಯರಿಗೆ ತಿಳಿಯುವುದು ಬಿದ್ದ ಮೇಲೇ. ನಾಯಿ ಮಾತ್ರ ನೀರಿನ ಸದ್ದಿಗೇ ನಿಂತುಬಿಡುತ್ತದೆ.

ಚಳಿಗಾಲ ಪೂರ್ತಿ, ಚಾರಣಿಗರು ಹೊರಡುವ ಮುಂಚೆ ಮೇಲಿನ ತಂಗುಮನೆಯವರೆಗೆ ದಾರಿ ನೋಡಿ ಬರುವುದು ಕೋಲಕ್ಕನ ಕೆಲಸ. ಇಳಿದು ಬಂದು ಗೇಟಿಗೆ ಹಸಿರು ಹಲಗೆ ತೂಗುಹಾಕಿದರೆ ಜನ ಹತ್ತಬಹುದು. ಕೆಂಪು ಹಾಕಿದರೆ ಆ ದಿನ ದಾರಿ ಬಂದ್. ಮೇಲೆ ನಿಂತು ಫೋಟೊ ತೆಗೆಸಿಕೊಳ್ಳುವವರು ಈ ಕೋಲುಗಳು ಹಿಮದಲ್ಲಿ ತಾವಾಗಿಯೇ ಮೊಳೆತವು ಎಂದುಕೊಂಡಿರಬೇಕು. ನೆಡುವವರ ಹೆಸರನ್ನು ಯಾರೂ ಕೇಳಿಲ್ಲ, ಕೋಲು ಹೊರುವುದಕ್ಕೆ ಕೋಲಕ್ಕ ಆಗಿದ್ದಾರೆ.

ನಾಯಿಗೆ ಮೇಸ್ತ್ರಿ ಎಂದು ಹೆಸರಿಟ್ಟವರು ಅವರ ಅತ್ತೆ. ಹೊರಡುವ ಮುಂಚೆ ಅಡುಗೆಮನೆಯಲ್ಲಿ ಒಲೆಯ ಪಕ್ಕ ಕೂತು, ಹಿಮ ಅಂಟದಿರಲೆಂದು ಅದರ ಬೆರಳ ಸಂದಿಗೆಲ್ಲ ಎಣ್ಣೆ ಸವರುತ್ತಿದ್ದರು. "ಕೆಲಸ ಮಾಡೋದು ಇವಳು, ತಪ್ಪು ಹುಡುಕೋದು ಅದು. ಇನ್ನೇನಂತ ಕರೀಲಿ? ಮದುವೆಯಾಗಿ ಬಂದಾಗಿಂದ ನನ್ನ ಮಾತು ಒಂದು ದಿನ ಕೇಳಿದವಳಲ್ಲ. ನಾಯಿ ಮಾತಾದ್ರೆ ತಲೆ ಮೇಲೆ ಹೊತ್ಕೊಂಡು ಕೇಳ್ತಾಳೆ." ಸೊಸೆ ನಗಲಿಲ್ಲ. ಅತ್ತೆಯೂ ತುಟಿ ಕಚ್ಚಿಕೊಂಡರು.

ಏಕೆಂದರೆ ಒಂದು ದಿನ ಕೋಲಕ್ಕ ನಾಯಿಯ ಮಾತನ್ನೂ ಕೇಳಿರಲಿಲ್ಲ. ಆ ವಾರ ಮೇಸ್ತ್ರಿ ಸುಮ್ಮಸುಮ್ಮನೆ ನಿಲ್ಲುತ್ತಿತ್ತು. ಗೇಟಿನ ಬಳಿ ಜನ ಕಾಯುತ್ತಿದ್ದರು, ವಯಸ್ಸಾಯಿತೇನೋ ಇದಕ್ಕೆ ಎಂಬ ಅನುಮಾನ ಬೇರೆ. ಕೊರಕಲಿನ ಅಂಚಿನಲ್ಲಿ ಅದು ಕೂತಾಗ ಕೋಲಕ್ಕ ಹಗ್ಗ ಹಿಡಿದು ಎಳೆದೇ ದಾಟಿಸಿಬಿಟ್ಟರು. ಹಿಮ ಗಟ್ಟಿಯಾಗಿಯೇ ಇತ್ತು, ಏನೂ ಆಗಲಿಲ್ಲ. ಮರುದಿನದಿಂದ ನಾಯಿ ನಿಲ್ಲುವುದನ್ನೇ ಬಿಟ್ಟಿತು.

"ಒಂದ್ಸಲ ನನ್ನ ಮುಖ ನೋಡೋದು, ಆಮೇಲೆ ಕಾಲಿಡೋದು. ನಾನು ಖುಷಿಪಟ್ಟೆ ಸಾರ್, ಎಂಥ ದಡ್ಡಿ ನೋಡಿ. ಹೋದ ವಾರ ಹಂಗೇ ಕಾಲಿಟ್ಟ, ಹಿಂಗಾಲೆರಡೂ ಒಳಗೆ ಹೋಯ್ತು. ಹಗ್ಗ ಇತ್ತು, ಎಳ್ಕೊಂಡೆ. ಅವನಿಗೆ ಗೊತ್ತಿತ್ತು ಸಾರ್. ಗೊತ್ತಿದ್ದೂ ಬಂದ. ಇವಳಿಗೆ ಹೇಳಿ ಏನು ಪ್ರಯೋಜನ ಅಂತ."

ಅಂದಿನಿಂದ ಅವರನ್ನು ಕಾಡುವುದು ಒಂದೇ ಪ್ರಶ್ನೆ. ಬೇಡ ಎನ್ನುವುದನ್ನು ಮರೆತ ನಾಯಿಯನ್ನು ನಂಬಿ ಹಸಿರು ಹಲಗೆ ಹಾಕುವುದು ಹೇಗೆ? ಹಿಂದೆ ಬರುವವರಿಗೆ ಹಗ್ಗವೂ ಇರುವುದಿಲ್ಲ.

ಈಗ ಕೊರಕಲು ಬಂದಿದೆ. ಮೇಸ್ತ್ರಿ ಅಂಚಿಗೆ ಹೋಗಿ ತಿರುಗಿ ನೋಡುತ್ತದೆ. ಕೋಲಕ್ಕ ಹಗ್ಗ ಸಡಿಲ ಬಿಟ್ಟು ಮುಖ ಪಕ್ಕಕ್ಕೆ ತಿರುಗಿಸುತ್ತಾರೆ. ಅವರ ಮುಖದಲ್ಲಿ ಅದು ಉತ್ತರ ಹುಡುಕಬಾರದು. ನಾಯಿ ಮುಂಗಾಲು ಎತ್ತುತ್ತದೆ, ಹಿಮದ ಮೇಲಿಡುತ್ತದೆ. ಕೋಲಕ್ಕ ಹಗ್ಗಕ್ಕೆ ಎರಡೂ ಕೈ ಹಚ್ಚಿದ್ದಾರೆ, ಆದರೂ ಎಳೆಯುತ್ತಿಲ್ಲ. ಎಷ್ಟೋ ಹೊತ್ತು ಹಾಗೇ ನಿಂತ ನಾಯಿ ಕಾಲನ್ನು ಮೆಲ್ಲಗೆ ಹಿಂದಕ್ಕೆ ತೆಗೆದು, ನಮಗೆ ಬೆನ್ನು ಹಾಕಿ ಕುಳಿತುಬಿಡುತ್ತದೆ.

"ನಡೀರಿ ಸಾರ್, ವಾಪಸ್."

ನಾನು ಕೈಲಿದ್ದ ಕೋಲಿನಿಂದ ಅಂಚಿನ ಹಿಮವನ್ನು ಕುಟ್ಟಿ ನೋಡುತ್ತೇನೆ. ಗಟ್ಟಿಯಾಗಿದೆ. ಹಾಗೆಂದು ಹೇಳಿದರೆ, "ಇರ್ಬಹುದು" ಎಂದಷ್ಟೇ ಹೇಳಿ ಇಳಿಯತೊಡಗುತ್ತಾರೆ.

ಗೇಟಿನ ಬಳಿ ಜನ ಆಗಲೇ ಚೀಲ ಹೊತ್ತು ನಿಂತಿದ್ದಾರೆ. ಕೆಂಪು ಹಲಗೆ ಕಂಡು, ಮೇಸ್ತ್ರಿ ಕೂತ ಸುದ್ದಿ ಕೇಳಿ ಮುಖಗಳು ಸಪ್ಪಗಾಗುತ್ತವೆ. "ಏನಕ್ಕಾ, ಆಕಾಶ ಇಷ್ಟು ಚೆನ್ನಾಗಿದೆ! ನಾಯಿ ಕೂತ್ಕೊಂಡಿದ್ದಕ್ಕೆ ದಾರಿ ಬಂದ್ ಮಾಡ್ತೀರಾ?" ಎಂದು ಒಬ್ಬರು ರೇಗುತ್ತಾರೆ. ಇನ್ನೊಬ್ಬರು ದೂರು ಕೊಡುವುದಾಗಿ ಹೇಳುತ್ತಾರೆ.

"ಕೊಡಿ. ನಾಳೆ ಬನ್ನಿ, ನೋಡೋಣ," ಎನ್ನುತ್ತ ಕೋಲಕ್ಕ ಹಲಗೆಯ ಸರಪಳಿಗೆ ಬೀಗ ಹಾಕುತ್ತಾರೆ. ಆಮೇಲೆ ಹಿಮದಲ್ಲೇ ಮಂಡಿಯೂರಿ ಮೇಸ್ತ್ರಿಯ ಕಾಲ ಸಂದಿಯ ಮಂಜುಗಡ್ಡೆ ಬಿಡಿಸತೊಡಗುತ್ತಾರೆ.

ಅಲ್ಲಿ ನಿಜವಾಗಿಯೂ ಪೊಳ್ಳಿತ್ತೇ ಎಂದು ಕೇಳುತ್ತೇನೆ.

"ನಂಗೇನು ಗೊತ್ತು ಸಾರ್? ಇಲ್ದೇನೂ ಇರ್ಬಹುದು," ಎನ್ನುತ್ತಾರೆ, ಕಣ್ಣೊರೆಸಿಕೊಳ್ಳುತ್ತ. "ಇವತ್ತು ಬೇಡ ಅಂದ. ನಾಳೆನೂ ಬೇಡ ಅನ್ಸಿದ್ರೆ, ನನಗೆ ಹೇಳ್ಲಿ."