ಕೋರ್ಟು ಏಳುವವರೆಗೆ

ಎರಡು ಸಾವಿರದ ದಶಕದಲ್ಲಿ ನಾನು ಮೈಸೂರಿನಿಂದ ಕೊಚ್ಚಿಯ ಬ್ಯಾಂಕೊಂದಕ್ಕೆ ವರ್ಗವಾಗಿ ಬಂದ ಹೊಸತು. ಒಂದು ಸಂಜೆ ಊರಿನ ವೈಟ್ಟಿಲ ಜಂಕ್ಷನ್ನಿನಲ್ಲಿ ಬಸ್ಸಿಗೆ ಕಾಯುತ್ತಿದ್ದೆ. ಕೆಂಪು ದೀಪವನ್ನು ಲೆಕ್ಕಿಸದೆ ನುಗ್ಗಿದ ದೊಡ್ಡ ಕಾರೊಂದು, ರಸ್ತೆ ದಾಟುತ್ತಿದ್ದ ಮೀನು ಮಾರುವ ಹೆಂಗಸಿಗೆ ಗುದ್ದಿತು. ಅವಳ ಕಾಲು ಮುರಿಯಿತು. ಮತ್ತಿ ಮೀನು ರಸ್ತೆಯ ತುಂಬ ಚೆಲ್ಲಿತು. ಕಾರು ಓಡಿಸುತ್ತಿದ್ದ ಚಿನ್ನದಂಗಡಿಯ ಮಾಲೀಕ ಕೆಳಗಿಳಿದು ಮೊದಲು ನೋಡಿದ್ದು ಬಂಪರನ್ನು.

ಪೊಲೀಸರು ಬರುವಷ್ಟರಲ್ಲಿ ತಿಳಿದವರೆಲ್ಲ ಜಾಗ ಖಾಲಿ ಮಾಡಿದ್ದರು. ಊರಿಗೆ ಹೊಸಬನಾದ ನಾನು ಸಾಕ್ಷಿಯಾದೆ.

"ನಿಮಗೆ ಬೇರೆ ಕೆಲಸ ಇಲ್ಲವಾ, ಸಾರೇ?" ಎಂದು ನಕ್ಕರು ನಮ್ಮ ಹಿರಿಯ ಕ್ಯಾಷಿಯರ್. "ದುಡ್ಡಿದ್ದವನಿಗೆ ಎಲ್ಲಾದರೂ ಶಿಕ್ಷೆ ಆಗೋದುಂಟಾ?"

ಆಮೇಲೆ ಕೋರ್ಟಿನ ಅಲೆದಾಟ. ಮಾಲೀಕನ ವಕೀಲರಿಗೆ ಒಮ್ಮೆ ಜ್ವರ, ಒಮ್ಮೆ ಮನೆಯಲ್ಲಿ ಮದುವೆ. ನಾನು ಬೆಳಗಿನಿಂದ ಸಂಜೆಯವರೆಗೆ ಕೂತೆದ್ದು ಬರುತ್ತಿದ್ದೆ. ಮಾಲೀಕನಿಗೆ ಬೆನ್ನುನೋವಂತೆ, ಅವನು ಬಂದ ದಿನ ಎಲ್ಲಿಂದಲೋ ಒಂದು ಕುರ್ಚಿ ಬರುತ್ತಿತ್ತು. ಊರುಗೋಲು ಹಿಡಿದ ಮೀನಿನ ಚೇಚಿ, ಅಂದರೆ ನಮ್ಮ ಕಡೆಯ ಅಕ್ಕ, ಗೋಡೆಗೊರಗಿ ನಿಲ್ಲುತ್ತಿದ್ದಳು. ಹಿತ್ತಾಳೆ ದೀಪ ಕದ್ದ ಆರೋಪದವನೊಬ್ಬನನ್ನು ಪ್ರತಿ ಸಲವೂ ಜೈಲಿನಿಂದ ಕರೆತರುತ್ತಿದ್ದರು. ಮಾಲೀಕನ ಹಾಗೆ ಅವನಿಗೂ ಜಾಮೀನು ಕೊಟ್ಟಿದ್ದರು. ಜಾಮೀನು ನಿಲ್ಲುವವರೇ ಇರಲಿಲ್ಲ. ಕಾನೂನು ಇಬ್ಬರಿಗೂ ಒಂದೇ.

ಕೊನೆಗೊಂದು ದಿನ ನನ್ನನ್ನು ಕಟಕಟೆಗೆ ಕರೆದರು.

"ನೀವು ಕರ್ನಾಟಕದವರು. ಇಲ್ಲಿನ ಸಿಗ್ನಲ್ಲು ನಿಮಗೆ ಹೇಗೆ ಗೊತ್ತು?" ಎಂದರು ಮಾಲೀಕನ ವಕೀಲರು.

"ನಮ್ಮ ಕಡೆಯೂ ಕೆಂಪು ಅಂದರೆ ಕೆಂಪೇ, ಸರ್."

ಮ್ಯಾಜಿಸ್ಟ್ರೇಟರು ಕನ್ನಡಕ ಸರಿಪಡಿಸಿಕೊಂಡರು. ನಕ್ಕರೋ ಏನೋ ಕಾಣಲಿಲ್ಲ.

ತೀರ್ಪಿನ ದಿನ ಕುತೂಹಲಕ್ಕೆ ರಜೆ ಹಾಕಿ ಹೋದೆ. ಮಾಲೀಕ ತಪ್ಪಿತಸ್ಥ! ದಂಡ, ಜೊತೆಗೆ ಆ ದಿನ ಕೋರ್ಟು ಏಳುವವರೆಗೆ ಅಲ್ಲೇ ಕೂತಿರುವ ಶಿಕ್ಷೆ. ಅವನು ಹಿಂದಿನ ಬೆಂಚಿನಲ್ಲಿ ನಾನೂ ಚೇಚಿಯೂ ಕೂತಿದ್ದ ಪಕ್ಕಕ್ಕೇ ಬಂದು ಕೂತ.

ಚೇಚಿ ನನ್ನ ಕಿವಿಯಲ್ಲಿ ಕೇಳಿದಳು: "ಜೈಲಿಗೆ ಯಾವಾಗ ಕರಕೊಂಡು ಹೋಗ್ತಾರೆ ಸಾರೇ?"

"ಇದೇ ಜೈಲು ಚೇಚೀ. ಸಂಜೆವರೆಗೆ ಇಲ್ಲಿ ಕೂತರಾಯಿತು."

ಅವಳು ಬೆರಳು ಮಡಚಿ ಎಣಿಸಿದಳು. "ಹಾಗಾದರೆ ನಾನೂ ನೀವೂ ಎಷ್ಟು ಸಲ ಜೈಲಿಗೆ ಹೋಗಿ ಬಂದ ಹಾಗಾಯಿತು!"

ಮಾಲೀಕ ಮಧ್ಯಾಹ್ನದ ಹೊತ್ತಿಗೆ ಗೊರಕೆ ಹೊಡೆಯತೊಡಗಿದ.

ಮರುದಿನ ಬ್ಯಾಂಕಿಗೆ ಹೋದವನೇ ಕ್ಯಾಷಿಯರರ ಮುಂದೆ ನಿಂತು, "ಶಿಕ್ಷೆ ಆಯಿತು" ಎಂದೆ, ಗೆದ್ದವನ ಹಾಗೆ. ಅವರ ಮುಖ ಗಂಭೀರವಾಯಿತು.

"ಆಯಿತಾ? ಅಯ್ಯೋ, ಹಾಗಿದ್ದರೆ ಅವನ ಹತ್ತಿರ ನಾವು ಅಂದುಕೊಂಡಷ್ಟು ದುಡ್ಡಿಲ್ಲ."

ಆ ವಾರವೇ ಆ ಚಿನ್ನದಂಗಡಿ ಮುಳುಗುತ್ತಿದೆಯೆಂಬ ಸುದ್ದಿ ಊರೆಲ್ಲ ಹಬ್ಬಿತು.