ಪೈಲ್ವಾನ್ ಜಂಬಣ್ಣನ ಸೋಡಾ ಪುಡಿ

ಐವತ್ತೆಂಟನೇ ಇಸವಿ. ಶಿವಮೊಗ್ಗದ ಹೊಸಮನೆಯ ಗರಡಿಯಲ್ಲಿ ಎಲ್ಲರೂ ಕಣ್ಣು ಮುಚ್ಚಿ ಮಣ್ಣಿಗೆ ಕೈಮುಗಿದು ನಿಂತಿದ್ದಾಗ ಗುಮಾಸ್ತ ಗಂಗಾಧರಪ್ಪನಿಗೆ ಬಂದ ಹುಳಿತೇಗು ಮಂಗಳಾರತಿಯ ಗಂಟೆಯನ್ನೂ ಮೀರಿಸಿತು. ಮೈ ಗಟ್ಟಿ ಮಾಡಿಕೊಳ್ಳಲು ಬಂದವನ ಮಾನ ಮೊದಲ ದಿನವೇ ಹೋಯಿತು. ಬೇರೆಯವರು ನಗುವ ಮೊದಲೇ ಉಸ್ತಾದ್ ಜಂಬಣ್ಣ ಅವನ ಕತ್ತು ಹಿಡಿದು, ದವಡೆ ಅಗಲಿಸಿ, ಒಂದು ಹಿಡಿ ಅಡುಗೆ ಸೋಡಾ ತುರುಕಿ ನೀರು ಸುರಿದ.

"ನುಂಗೋ ಮಾರಾಯ! ಪೈಲ್ವಾನನಿಗೆ ಹೊಟ್ಟೆಯುರಿ ಅಂದ್ರೆ ನಾಚಿಕೆಗೇಡು."

ಜಂಬಣ್ಣನ ವೈದ್ಯವೆಲ್ಲ ಇದೇ ತರಹದ್ದು. ಉಳುಕಿದ ಕೈಯನ್ನು ಲಟಕ್ಕನೆ ತಿರುವುತ್ತಿದ್ದ. ಅತ್ತವನಿಗೆ ಬೆನ್ನ ಮೇಲೊಂದು ಗುದ್ದು. ತನ್ನ ಮೇಲೂ ದಯೆ ಇರಲಿಲ್ಲ. ಎದೆ ಉರಿದರೆ ಸೋಡಾ ಮುಕ್ಕುತ್ತಿದ್ದ, ಮೈನೋವಿಗೆ ಬರೀ ಹೊಟ್ಟೆಯಲ್ಲಿ ಆಸ್ಪಿರಿನ್ ನುಂಗುತ್ತಿದ್ದ.

ಭದ್ರಾವತಿಯ ಜಟ್ಟಪ್ಪನ ಮೇಲೆ ಕುಸ್ತಿ ನಿಗದಿಯಾಯಿತು. ಆ ವಾರವೇ ಒಂದು ಬೆಳಿಗ್ಗೆ ಜಂಬಣ್ಣ, "ಹೊರಕಡೆ ಹೋದ್ರೆ ಡಾಂಬರಿನ ಹಾಗೆ ಕಪ್ಪಗೆ ಹೋಗ್ತಿದೆ ಕಣೋ" ಎಂದ. ಗಂಗಾಧರಪ್ಪನ ಸೋದರಮಾವ ಹೀಗೆಯೇ ಒಳಗೊಳಗೇ ರಕ್ತ ಹೋಗಿ ಸತ್ತಿದ್ದರು.

"ಡಾಕ್ಟರಿಗೆ ತೋರಿಸೋಣ, ಉಸ್ತಾದ್ರೇ."

ಕೆನ್ನೆಗೆ ಪಟೀರೆಂದು ಬಿತ್ತು. "ಕುಸ್ತಿ ಮುಂದಿಟ್ಕೊಂಡು ಹೊಟ್ಟೆನೋವು ಅಂದ್ರೆ ಹೆದರ್ಕೊಂಡ ಅಂತಾರೆ!"

ಭದ್ರಾವತಿಯ ಅಖಾಡದಲ್ಲಿ ಇಬ್ಬರೂ ಕೋಣಗಳಂತೆ ತಲೆಗೆ ತಲೆ ಗುದ್ದಿದರು. ಜಟ್ಟಪ್ಪನ ಕಿವಿ ಹರಿಯಿತು, ಜಂಬಣ್ಣನ ಹುಬ್ಬು ಒಡೆಯಿತು. ಜಟ್ಟಪ್ಪನ ಮೊಣಕಾಲು ಹೊಟ್ಟೆಗೆ ತಾಗಿದ್ದೇ ತಡ, ಜಂಬಣ್ಣ ಮಂಡಿಯೂರಿ ಕಾಫಿ ಗಸಿಯಂಥ ರಕ್ತ ಕಾರಿದ.

"ಕೊಂದ್ಬಿಟ್ಟ!" ಎಂದು ಶಿವಮೊಗ್ಗದವರು ದೊಣ್ಣೆ ಎತ್ತಿ ಜಟ್ಟಪ್ಪನ ಮೇಲೆ ಬಿದ್ದರು. ನಡುವೆ ನುಗ್ಗಿದ ಗಂಗಾಧರಪ್ಪನಿಗೂ ಸರಿಯಾಗಿಯೇ ಬಿದ್ದವು. ತಲೆ ಮುಚ್ಚಿಕೊಂಡು ಅರಚಿದ: "ಅವನಲ್ಲ ಕಣ್ರೋ! ಉಸ್ತಾದ್ರಿಗೆ ಮೊದಲಿಂದ್ಲೇ ರಕ್ತ ಹೋಗ್ತಿತ್ತು. ಗಾಡಿ ತನ್ನಿ!"

ದೊಣ್ಣೆಗಳು ಕೆಳಗಿಳಿದವು. ಜಂಬಣ್ಣನನ್ನು ಗಾಡಿಗೆ ಎತ್ತಿ ಹಾಕುವಾಗ, ಕಿವಿಯಿಂದ ರಕ್ತ ಸುರಿಸುತ್ತಲೇ ಕಾಲಿನ ಕಡೆ ಹಿಡಿದವನು ಜಟ್ಟಪ್ಪ.

ಜೀವ ಉಳಿಯಿತು. "ಹೊಟ್ಟೇಲಿ ಹುಣ್ಣು. ಆಸ್ಪಿರಿನ್ ಅದನ್ನ ಕೆರೆದು ಇಟ್ಟಿತ್ತು, ಸೋಡಾ ಉರಿ ಮರೆಸಿತ್ತು" ಎಂದರು ಆಸ್ಪತ್ರೆಯ ಡಾಕ್ಟರು. ಸುಣ್ಣದ ನೀರಿನಂಥ ಬಿಳಿ ಔಷಧಿಯ ಸೀಸೆ ಕೊಟ್ಟು ಗದರಿದರು: "ಊಟ ಆದ್ಮೇಲೆ, ಹೇಳಿದಷ್ಟೇ ಚಮಚ. ನನ್ನ ಕೇಳದೆ ಬೇರೆ ಮಾತ್ರೆ ಮುಟ್ಟಬೇಡ. ಮತ್ತೆ ಕಪ್ಪಗೆ ಹೋದ್ರೆ ಆ ಕ್ಷಣ ಇಲ್ಲಿರಬೇಕು."

ಹಣೆಗೆ ಪಟ್ಟಿ ಕಟ್ಟಿಸಿಕೊಂಡು ಪಕ್ಕದಲ್ಲಿ ಕುಳಿತಿದ್ದ ಗಂಗಾಧರಪ್ಪ ಧೈರ್ಯ ಮಾಡಿ ಕೇಳಿದ: "ಇನ್ಮೇಲೆ ಗರಡೀಲಿ ಯಾರಿಗಾದ್ರೂ ಹೊಟ್ಟೆ ಉರಿದ್ರೆ ಏನ್ಮಾಡ್ತೀರಿ, ಉಸ್ತಾದ್ರೇ?"

ಜಂಬಣ್ಣ ಚಮಚ ನೆಕ್ಕಿ ಕೆಳಗಿಟ್ಟ.

"ಕತ್ತು ಹಿಡೀತೀನಿ. ಹಿಡ್ಕೊಂಡು ಇಲ್ಲಿಗೆ ಎಳ್ಕೊಂಡು ಬರ್ತೀನಿ."