ಮೂರು ಸಲ ಕಂಡ ಹಸಿರು ಖಣ

ದೋಣಿ ಮಗುಚಬಹುದಿತ್ತು. ಇಂಜಿನ್ನು ನಡುನೀರಿನಲ್ಲಿ ಕೈಕೊಡಬಹುದಿತ್ತು. ಗಿಡದಿಂದ ಹಾವು ಮಡಿಲಿಗೇ ಬೀಳಬಹುದಿತ್ತು. ಮೊಸಳೆ—ಅಲ್ಲಿ ಮೊಸಳೆ ಇಲ್ಲವಂತೆ, ಆದರೆ ಒಂದೇ ಒಂದು ದಾರಿ ತಪ್ಪಿ ಬಂದಿದ್ದರೆ? ನನಗೆ ವಾಂತಿ, ನಮ್ಮ ಮನೆಯವರಿಗೆ ಬಿಸಿಲಿನ ಹೊಡೆತ, ಬುತ್ತಿಯ ಸಜ್ಜೆ ರೊಟ್ಟಿ ಉಪ್ಪುಗಾಳಿಗೆ ಮೆತ್ತಗೆ... ಇಷ್ಟನ್ನೂ ನಾನು ಹುನಗುಂದದ ನಮ್ಮ ಅಡುಗೆಮನೆಯಲ್ಲಿ ಕುಳಿತೇ ಅನುಭವಿಸಿ ಮುಗಿಸಿದ್ದೆ. ಆ ಭಯದಲ್ಲಿ ಒಂದು ತಪ್ಪು ಮಾಡಿದೆ. ನಾಲ್ಕು ವರ್ಷದಿಂದ ಬಚ್ಚಿಟ್ಟುಕೊಂಡಿದ್ದೇನೆ. ನನ್ನ ಗಂಡ ದೋಣಿಯಲ್ಲಿ ಕರಾವಳಿಗುಂಟ ಉತ್ತರಕ್ಕೆ ಹೋಗಿಬಂದೆ ಎಂದು ಊರಿಗೆಲ್ಲ ಹೇಳುತ್ತಾರಲ್ಲ—ಅವರು ಹೋಗಲೇ ಇಲ್ಲ. ನಾನು ಹೋಗಗೊಡಲಿಲ್ಲ.

ನಮ್ಮ ಮನೆಯವರು ಮೂವತ್ತು ವರ್ಷ ಬಸ್ಸು ಓಡಿಸಿದವರು. ಇಳಕಲ್, ಹುನಗುಂದ, ಬಾಗಲಕೋಟೆ. ಬಾಗಲಕೋಟೆ, ಹುನಗುಂದ, ಇಳಕಲ್. ಯಾವ ತಿರುವಿನಾಚೆ ಯಾವ ಬೇವಿನ ಮರ ಎಂದು ಕಣ್ಣು ಮುಚ್ಚಿ ಹೇಳುತ್ತಿದ್ದರು—ಪುಣ್ಯಕ್ಕೆ ಓಡಿಸುವಾಗ ಮುಚ್ಚಲಿಲ್ಲ. ನಿವೃತ್ತಿಯ ದಿನ ಕೊರಳಿನ ಹಾರ ತೆಗೆದು ಮೊಳೆಗೆ ಹಾಕುತ್ತ ಹೇಳಿದ್ದರು: "ನೀಲಾ, ಒಂದ ಆಸೆ ಐತಿ ನೋಡು. ಬಂದ ತಿರುವು ಮತ್ತೊಮ್ಮೆ ಬರಬಾರದು, ಅಂಥಾ ದಾರಿ ಒಮ್ಮೆರೆ ಹಿಡೀಬೇಕು."

ಆ ದಾರಿ ಸಿಕ್ಕಿದ್ದು ಉತ್ತರ ಕನ್ನಡದ ಕರಾವಳಿಯಲ್ಲಿ. ಒಂದು ನದಿಯ ಅಳಿವೆಯಿಂದ ಹೊರಟು, ನೀರಿನಲ್ಲೇ ಬೇರುಬಿಟ್ಟು ನಿಂತ ಕಾಂಡ್ಲಾ ಕಾಡುಗಳ ನಡುವೆ ಹಾದು, ಸ್ವಲ್ಪ ದೂರ ಸಮುದ್ರಕ್ಕಿಳಿದು, ಉತ್ತರದ ಇನ್ನೊಂದು ಅಳಿವೆ ಸೇರುವುದು. ಎರಡು ದಿನ. ನಾನೂ ಆಗಷ್ಟೇ ಶಾಲೆಯ ಕೆಲಸದಿಂದ ಸ್ವಯಂ ನಿವೃತ್ತಿ ಪಡೆದಿದ್ದೆ. ಚಿಂತೆ ಮಾಡಲು ದಿನವಿಡೀ ಪುರುಸೊತ್ತು.

ದೋಣಿ ಕಟ್ಟುವ ದಕ್ಕೆಯಲ್ಲಿ ಅವರು ಬಸಿಯಲ್ಲಿ ಚಹಾ ಆರಿಸಿಕೊಳ್ಳುತ್ತಿದ್ದಾಗ ನಾನು ದೋಣಿ ನಡೆಸುವ ಗಣಪತಿಯನ್ನು ಬದಿಗೆ ಕರೆದೆ. "ಅಣ್ಣಾ, ಇವರಿಗೆ ಎದಿ ಬ್ಯಾನಿ ಐತಿ. ಸಮುದ್ರಕ್ಕ ಒಯ್ಯಬ್ಯಾಡ್ರಿ. ಇಲ್ಲೇ ಎಲ್ಲ್ಯರೆ ತಿರಗಸ್ರಿ. ಅವರಿಗೆ ಗೊತ್ತಾಗಬಾರದು."

ಅವರ ಎದೆ ಗಟ್ಟಿಮುಟ್ಟಾಗಿತ್ತು. ಡಬಡಬ ಹೊಡೆಯುತ್ತಿದ್ದುದು ನನ್ನದು.

ಗಣಪತಿ ತಲೆ ಕೆರೆದುಕೊಂಡ. "ಅವ್ರು ಕೇಳದಿದ್ರೆ ನಾ ಹೇಳೂದಿಲ್ಲ ಅಮ್ಮಾ. ಕೇಳದ್ರೆ ಮಾತ್ರ ಸುಳ್ಳು ಹೇಳೂದಿಲ್ಲ."

ಅವರು ಕೇಳಲಿಲ್ಲ. ಕೇಳುವುದಿಲ್ಲವೆಂದು ನನಗೆ ಗೊತ್ತಿತ್ತು—ನನ್ನ ತಪ್ಪು ಹೆಚ್ಚಾಗುವುದು ಇಲ್ಲೇ. "ಯಾವ ಊರು ಬಂತ್ರಿ, ಇನ್ನೆಷ್ಟು ದೂರರಿ" ಎಂದು ತಲೆ ತಿನ್ನುವ ಪ್ರಯಾಣಿಕರನ್ನು ಮೂವತ್ತು ವರ್ಷ ಬೈದುಕೊಂಡ ಮನುಷ್ಯ. ಚುಕ್ಕಾಣಿ ಹಿಡಿದವನನ್ನು ಮಾತನಾಡಿಸುವುದು ಅವರಿಗೆ ಪಾಪ.

ಹತ್ತುವ ಮೊದಲು ನಾನು ಗಂಗವ್ವನಿಗೆ ಉಡಿ ತುಂಬಿದೆ. ಕುಪ್ಪಸಕ್ಕೆಂದು ತಂದ ಗುಳೇದಗುಡ್ಡದ ಹಸಿರು ಖಣದಲ್ಲಿ ಅಕ್ಕಿ, ಬಳೆ ಕಟ್ಟಿ ನೀರಿಗೆ ಬಿಟ್ಟು, ಕಾಪಾಡು ತಾಯಿ ಎಂದೆ. ಆಮೇಲೆ ಗಣಪತಿ ನಮ್ಮನ್ನು ಒಂದು ದೊಡ್ಡ ನಡುಗಡ್ಡೆಯ ಸುತ್ತ ತಿರುಗಿಸತೊಡಗಿದ. ಕಾಂಡ್ಲಾ, ಕೆಸರು, ಕೊಕ್ಕರೆ, ಮತ್ತೆ ಕಾಂಡ್ಲಾ. ನದಿ ಅಗಲವಾದಲ್ಲಿ ಅವರು ಬೆರಳದ್ದಿ ನೆಕ್ಕಿದರು. "ಉಪ್ಪ ಐತಿ! ಇದs ನೋಡು ಸಮುದ್ರ!" ಗಣಪತಿ ಬೇರೆ ಕಡೆ ಮುಖ ತಿರುಗಿಸಿದ.

ಮಧ್ಯಾಹ್ನ ನೀರು ಇಳಿದಾಗ ಒಂದು ಬೇರಿಗೆ ಸಿಕ್ಕ ಹಸಿರು ಖಣ ಕಂಡಿತು.

"ಏ ನೀಲಾ, ನೋಡಲ್ಲೆ! ಇಲ್ಲೂ ಯಾರೋ ಉಡಿ ತುಂಬ್ಯಾರ. ನಿಂದರಂಗ ಹಸರ ಖಣ!"

"ಹೂಂ ರೀ. ಹೆಣ್ಣಮಕ್ಕಳು ಎಲ್ಲಾ ಕಡೆ ಒಂದs."

ಆ ರಾತ್ರಿ ದಂಡೆಯ ಮೇಲಿನ ಗಣಪತಿಯ ಅಕ್ಕನ ಮನೆಯಲ್ಲಿ ಮಲಗಿ ಮತ್ತೆ ಹೊರಟೆವು. ಬೆಳಿಗ್ಗೆ ಅದೇ ಖಣ. ಸಂಜೆ ಮತ್ತೆ ಅದೇ ಖಣ. ಮೂರನೆಯ ಸಲ ಅವರು ಕೈಮುಗಿದರು. "ಭಾಳ ಭಕ್ತಿವಂತ ಮಂದಿ ಬಿಡು ಈ ಕಡೆದವರು." ನಾನೂ ಕೈಮುಗಿದೆ. ಆಚೆ ದಂಡೆಗೆ ಇಳಿಸಿದಾಗ ಅವರು ಗಣಪತಿಯ ಬೆನ್ನು ತಟ್ಟಿ, "ಎಲ್ಲೂ ಒಂದ ಸಲನೂ ಜೋಲಿ ಹೊಡೀಲಿಲ್ಲ ಗಾಡಿ" ಎಂದು ಡ್ರೈವರು ಡ್ರೈವರಿಗೆ ಕೊಡುವ ಪದವಿ ಕೊಟ್ಟರು.

ಆ ಎರಡು ದಿನ ಅವರು ಮಗುವಿನಂತೆ ಖುಷಿಯಾಗಿದ್ದರು. ಅದನ್ನೇ ಹೇಳಿಕೊಂಡು ನಾಲ್ಕು ವರ್ಷ ಸಮಾಧಾನ ಮಾಡಿಕೊಂಡೆ—ಖುಷಿ ಖರೆ ಇತ್ತಲ್ಲ, ದಾರಿ ಸುಳ್ಳಾದರೇನು... ಇಲ್ಲ. ಅವರು ಬೇಡಿದ್ದು ದಾರಿ. ಮೂವತ್ತು ವರ್ಷ ಹೋದಲ್ಲಿಗೇ ಹೋಗಿ ಬಂದವರನ್ನು ನಾನು ಮತ್ತೆ ಹೋದಲ್ಲಿಗೇ ಒಯ್ದೆ.

ಹಳೆಯ ಕ್ಯಾಲೆಂಡರಿನ ಹಿಂಬದಿಗೆ ಅವರು ಬರೆದ ನಕ್ಷೆ ಈಗಲೂ ಗೋಡೆಯ ಮೇಲಿದೆ. ಉತ್ತರಕ್ಕೆ ಒಂದು ನೇರ ಗೆರೆ; ಅದರ ಮೇಲೆ ದೂರದೂರಕ್ಕೆ ಮೂರು ಹಸಿರು ಚುಕ್ಕೆ. ಬಂದವರಿಗೆಲ್ಲ ತೋರಿಸುತ್ತಾರೆ. ಕೇಳಿ ಕೇಳಿ ನಮ್ಮ ಓಣಿಯ ಹೆಂಗಸರು ಕೃಷ್ಣೆಗೂ ಈಗ ಹಸಿರು ಖಣವನ್ನೇ ಬಿಡುತ್ತಾರೆ—ಕರಾವಳಿಯ ಪದ್ಧತಿಯಂತೆ!

ನಿನ್ನೆ ಆ ಗೆರೆಯ ತುದಿಗೆ ಬೆರಳಿಟ್ಟು, "ಈ ಬ್ಯಾಸಗಿಗೆ ಇಲ್ಲಿಂದ ಮುಂದ ಹೋಗೂಣು" ಎಂದರು. ನಿಜದಲ್ಲಿ ಆ ತುದಿಯಿಂದ ನಾವು ಹೊರಟ ದಕ್ಕೆ, ನಡುವೆ ಕಾಂಡ್ಲಾ ಅಡ್ಡ ಇಲ್ಲದಿದ್ದರೆ, ಕಣ್ಣಿಗೆ ಕಾಣುವಷ್ಟು ಹತ್ತಿರ.

ಅವರು ಕೆರೂರಿನ ಸಂತೆಗೆ ಹೋಗಿದ್ದಾರೆ. ಬರುವಷ್ಟರಲ್ಲಿ ಇದನ್ನೆಲ್ಲ ಬರೆದ ಈ ಹಾಳೆಯನ್ನು ಆ ನಕ್ಷೆಗೇ ಪಿನ್ನು ಚುಚ್ಚಿ ಇಡುತ್ತೇನೆ. ಬೈಯಲಿ. ಮಾತು ಬಿಡಲಿ. ಆಮೇಲೆ ಕರೆದರೆ, ದೋಣಿಯ ಮುಂದಿನ ಹಲಗೆಯ ಮೇಲೆ ಕುಳಿತು ಸಮುದ್ರಕ್ಕೆ ಹೋಗುತ್ತೇನೆ—ನಡುಗುತ್ತಲೇ.

ದೋಣಿ ಮಗುಚಲಿಲ್ಲ. ಹಾವು ಬೀಳಲಿಲ್ಲ. ರೊಟ್ಟಿ ಕೂಡ ಕಡೆಯವರೆಗೆ ಕಟಕಟ ಎನ್ನುತ್ತಿತ್ತು. ಕೆಟ್ಟದ್ದು ಒಂದೇ—ನಾನು ಬಿಟ್ಟ ಖಣ ನೀರಿನೊಂದಿಗೆ ಮುಂದೆ ಹೋಗದೆ, ಬೇರಿಗೆ ಸಿಕ್ಕಿ, ಅಲ್ಲೇ ಉಳಿಯಿತು.